ನಾಣ್ಯದ ಮೇಲಿನ ಗುರುತು: ಟಂಕಸಾಲೆಯ ತಪ್ಪೋ, ಆಮೇಲೆ ತಿಂದ ಪೆಟ್ಟೋ?

ಒಂದು ನಾಣ್ಯದ ಬಣ್ಣವೇ ಬೇರೆ. ಇನ್ನೊಂದರಲ್ಲಿ ಅಕ್ಷರ ಎರಡೆರಡಾಗಿ ಕಾಣುತ್ತದೆ. ಮತ್ತೊಂದರ ಅಂಚು ಇಲಿ ಕಚ್ಚಿದ ಹಾಗಿದೆ. "ಇದು ಎರರ್ ಕಾಯಿನ್ನಾ? ಬೆಲೆ ಬರುತ್ತಾ?" ಓದುಗರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು, ನಾನು ನಾಣ್ಯ ನೋಡುವ ಕ್ರಮವನ್ನೇ ಇಲ್ಲಿ ಬರೆದಿಡುತ್ತೇನೆ. ನಿಮ್ಮ ನಾಣ್ಯವನ್ನು ನೀವೇ ಪರೀಕ್ಷೆ ಮಾಡಿಕೊಳ್ಳಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ವಿಚಿತ್ರವಾಗಿ ಕಾಣುವ ನಾಣ್ಯಗಳಲ್ಲಿ ಬಹುಪಾಲು ಟಂಕಸಾಲೆಯ ತಪ್ಪಿನಿಂದ ಹುಟ್ಟಿದವಲ್ಲ. ಅಲ್ಲಿಂದ ಸರಿಯಾಗಿಯೇ ಹೊರಬಂದು, ಆಮೇಲೆ ಮಣ್ಣು, ನೀರು, ಬೆಂಕಿ, ಆಮ್ಲ, ಗಾಡಿಯ ಚಕ್ರ, ಸುತ್ತಿಗೆ ಇವುಗಳ ಬಾಯಿಗೆ ಸಿಕ್ಕಿದವು. ಇವನ್ನು 'ಹಾನಿಯಾದ ನಾಣ್ಯ' ಅನ್ನುತ್ತೇವೆ. ಹಾನಿಗೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದಿಲ್ಲ. ಟಂಕಸಾಲೆಯೊಳಗೆ, ತಯಾರಿಯ ಹೊತ್ತಿನಲ್ಲೇ ಆದ ತಪ್ಪಿಗೆ ಮಾತ್ರ ಕೊಡುತ್ತಾರೆ.

ನಾಣ್ಯ ಹುಟ್ಟುವುದು ಹೇಗೆ ಅಂತ ಗೊತ್ತಿರಲಿ

ಇದನ್ನು ಹಾರಿಸಿಕೊಂಡು ಹೋಗಬೇಡಿ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಲೋಹದ ಉದ್ದನೆಯ ತಗಡನ್ನು ಬೇಕಾದ ದಪ್ಪಕ್ಕೆ ತರುತ್ತಾರೆ. ಅದರಿಂದ ದುಂಡನೆಯ ತುಂಡುಗಳನ್ನು ಕತ್ತರಿಸುತ್ತಾರೆ. ಏನೂ ಬರೆಯದ ಈ ತುಂಡೇ ಬಿಲ್ಲೆ. ಬಿಲ್ಲೆಯನ್ನು ಕುಲುಮೆಯಲ್ಲಿ ಕಾಯಿಸಿ ಮೆತ್ತಗೆ ಮಾಡಿ, ತೊಳೆದು, ಒಂದು ಯಂತ್ರದಲ್ಲಿ ಅದರ ಅಂಚನ್ನು ಸುತ್ತಲೂ ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ನಾಣ್ಯದ ಮುಖದ ಸುತ್ತ ಕಟ್ಟೆಯ ಹಾಗೆ ಎದ್ದಿರುತ್ತದಲ್ಲ, ಅದು ರಿಮ್. ನಾಣ್ಯವನ್ನು ನಿಲ್ಲಿಸಿದರೆ ಮೇಜಿಗೆ ತಾಗುವ ಭಾಗ ಅಂಚು. ಇವೆರಡನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳಿ.

ಕೊನೆಗೆ ಬಿಲ್ಲೆ ಒತ್ತುವ ಯಂತ್ರಕ್ಕೆ ಬರುತ್ತದೆ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತಲೂ ಕಾಲರ್ ಅನ್ನುವ ಉಕ್ಕಿನ ಬಳೆ. ಅಚ್ಚುಗಳು ಒತ್ತಿದಾಗ ಲೋಹ ಅವುಗಳ ತಗ್ಗಿನೊಳಕ್ಕೆ ನುಗ್ಗಿ ಅಕ್ಷರವಾಗುತ್ತದೆ, ಚಿತ್ರವಾಗುತ್ತದೆ. ಪಕ್ಕಕ್ಕೆ ಹರಡಲು ಹೋದ ಲೋಹವನ್ನು ಕಾಲರ್ ತಡೆಯುತ್ತದೆ. ಅಂಚಿನ ಸಣ್ಣ ಸಣ್ಣ ಗೆರೆಗಳು ಮೂಡುವುದೂ ಅದರಿಂದಲೇ.

ಹಾಗಾಗಿ ನಿಜವಾದ ತಪ್ಪುಗಳು ಮೂರೇ ಬಗೆ. ಬಿಲ್ಲೆಯಲ್ಲಿ ದೋಷ ಇರಬೇಕು, ಅಚ್ಚಿನಲ್ಲಿ ಇರಬೇಕು, ಇಲ್ಲವೇ ಒತ್ತುವಾಗ ಎಡವಟ್ಟಾಗಿರಬೇಕು. ನಿಮ್ಮ ನಾಣ್ಯದ ಗುರುತನ್ನು ನೋಡಿ ಕೇಳಿಕೊಳ್ಳಿ: ಈ ಮೂರರಲ್ಲಿ ಎಲ್ಲಿ ಇದು ಆಗಿರಬಹುದು? ಬೆರಳಿಟ್ಟು ತೋರಿಸಲು ಆಗದಿದ್ದರೆ ಅದು ಹಾನಿ ಅಂತಲೇ ಹಿಡಿದು ಮುಂದುವರಿಯಿರಿ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಕಣ್ಣಿಗೆ ಹಿಡಿಯುವ ಚಿಕ್ಕ ಭೂತಗನ್ನಡಿ. 0.01 ಗ್ರಾಂವರೆಗೆ ತೋರಿಸುವ ಡಿಜಿಟಲ್ ತೂಕದ ಯಂತ್ರ. ಅಡ್ಡಳತೆಗೆ ಕ್ಯಾಲಿಪರ್. ಒಂದು ಅಯಸ್ಕಾಂತ. ಬೇಕಾದ ಕಡೆ ಬಾಗಿಸಬಹುದಾದ ಮೇಜಿನ ದೀಪ. ಕೆಳಗೆ ಹಾಸಲು ಮೆತ್ತನೆಯ ಬಟ್ಟೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಅದೇ ಮುಖಬೆಲೆಯ, ಅದೇ ವಿನ್ಯಾಸದ ಇನ್ನೊಂದು ಸರಿಯಾದ ನಾಣ್ಯ. ಸಾಧ್ಯವಾದರೆ ಅದೇ ವರ್ಷದ್ದು.

ಕಂಪ್ಯೂಟರಿಗೆ ಜೋಡಿಸುವ ಮೈಕ್ರೊಸ್ಕೋಪ್ ಬೇಡವೇ ಅಂತ ಕೇಳುತ್ತಾರೆ. ಶುರುವಿಗೆ ಬೇಡ. ಇನ್ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ ಯಾವ ನಾಣ್ಯದಲ್ಲೂ ಏನೋ ಒಂದು ತಪ್ಪು ಕಂಡೇ ಕಾಣುತ್ತದೆ. ಸಂಗ್ರಾಹಕರು ಬೆಲೆ ಕೊಡುವ ತಪ್ಪುಗಳೆಲ್ಲ ಹೆಚ್ಚುಕಡಿಮೆ ಲೂಪಿನಲ್ಲೇ ಕಾಣುತ್ತವೆ.

1. ತೊಳೆಯಬೇಡಿ, ಉಜ್ಜಬೇಡಿ

ಹುಣಸೆಹಣ್ಣು, ನಿಂಬೆರಸ, ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಪುಡಿ ಯಾವುದೂ ಬೇಡ. ಬಟ್ಟೆಯಲ್ಲಿ ಒರೆಸುವುದೂ ಬೇಡ. ಇದನ್ನು ನಾನು ಬೇಡಿಕೊಂಡು ಹೇಳುತ್ತೇನೆ, ಯಾಕೆಂದರೆ ಒಂದು ನಿಮಿಷದ ಉಜ್ಜಾಟದಲ್ಲಿ ಒಳ್ಳೆಯ ನಾಣ್ಯಗಳು ಹಾಳಾಗಿದ್ದನ್ನು ನೋಡಿದ್ದೇನೆ. ಹೊಸ ನಾಣ್ಯವನ್ನು ದೀಪದ ಕೆಳಗೆ ವಾಲಿಸಿದರೆ ಬೆಳಕು ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಒತ್ತುವಾಗ ಲೋಹ ಹರಿದ ಸೂಕ್ಷ್ಮ ಗೆರೆಗಳಿಂದ ಬರುವ ಹೊಳಪು ಅದು. ಉಜ್ಜಿದರೆ ಅದು ಹೋಗುತ್ತದೆ, ಮತ್ತೆ ಬರುವುದಿಲ್ಲ. ನಾಣ್ಯದ ಮೂಲ ಮೈ ಹೋದರೆ ಗುರುತು ಯಾವಾಗ ಆಯಿತು ಅಂತ ಹೇಳುವ ಸಾಕ್ಷಿಯೂ ಅದರ ಜೊತೆಗೇ ಹೋಯಿತು.

ಮಣ್ಣು ತೀರಾ ಮೆತ್ತಿಕೊಂಡಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿಡಿ, ತಾನಾಗಿ ಬಿಟ್ಟಷ್ಟು ಬಿಡಲಿ. ಎತ್ತುವಾಗ ಅಂಚು ಹಿಡಿದು ಎತ್ತಿ. ಮುಖದ ಮೇಲೆ ಬೆರಳು ಊರಿದರೆ ಆ ಅಚ್ಚೂ ಒಂದು ದಿನ ಕಲೆಯಾಗುತ್ತದೆ.

2. ತೂಗಿ, ಅಳೆಯಿರಿ, ಅಯಸ್ಕಾಂತ ಹಿಡಿಯಿರಿ

ಕಣ್ಣಿಗಿಂತ ಮೊದಲು ತೂಕದ ಯಂತ್ರ. ಆ ನಾಣ್ಯಕ್ಕೆ ಟಂಕಸಾಲೆ ಗೊತ್ತುಮಾಡಿದ ತೂಕ, ಅಡ್ಡಳತೆ, ಲೋಹ ಎಷ್ಟು, ಯಾವುದು ಅಂತ ಹುಡುಕಿ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ನಿಮ್ಮ ಅಳತೆ ಬರೆಯಿರಿ. ಸ್ವಲ್ಪ ಆಚೀಚೆ ಇದ್ದರೆ ಗಾಬರಿ ಬೇಡ, ಸಂತೋಷವೂ ಬೇಡ. ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ, ತೂಗಬೇಕಾದದ್ದು 5.67 ಗ್ರಾಂ. ಅದಕ್ಕೆ ಸುಮಾರು 0.2 ಗ್ರಾಂ ಹೆಚ್ಚು ಕಡಿಮೆಗೆ ಅವಕಾಶ ಇದೆ.

ಇಲ್ಲಿ ಲೋಹ ಯಾವಾಗ ಬದಲಾಯಿತು ಅನ್ನುವುದು ಗೊತ್ತಿರಬೇಕು. ಅಮೆರಿಕದ ಒಂದು ಸೆಂಟು 1982ರ ಮಧ್ಯದಲ್ಲಿ 95 ಪಾಲು ತಾಮ್ರದಿಂದ ತಾಮ್ರ ಲೇಪದ ಸತುವಿಗೆ ಬದಲಾಯಿತು. ತೂಕ 3.11 ಗ್ರಾಂನಿಂದ 2.5 ಗ್ರಾಂಗೆ ಇಳಿಯಿತು. 1982ರ ಎರಡು ಸೆಂಟುಗಳ ತೂಕ ಬೇರೆ ಬೇರೆ ಬಂದರೆ ಅದು ತಪ್ಪಲ್ಲ, ಎರಡೂ ಸರಿಯೇ. ಬ್ರಿಟನ್ನಿನ 1 ಮತ್ತು 2 ಪೆನ್ನಿ ನಾಣ್ಯಗಳು 1992ರಿಂದ ತಾಮ್ರ ಲೇಪದ ಉಕ್ಕಿಗೆ ತಿರುಗಿದವು. ತಾಮ್ರದ ಹಾಗೆ ಕಾಣುವ ನಾಣ್ಯ ಅಯಸ್ಕಾಂತಕ್ಕೆ ಅಂಟಿತು ಅಂತ ಹೌಹಾರುವವರು ಇದ್ದಾರೆ. ಅದು ಅಂಟಲೇಬೇಕು.

ಅಯಸ್ಕಾಂತದ ಉಪಯೋಗ ಎಷ್ಟಿದೆ ಅನ್ನುವುದಕ್ಕೆ 1943ರ ಅಮೆರಿಕದ ಸೆಂಟೇ ಸಾಕ್ಷಿ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲು ಆ ವರ್ಷ ಸತು ಲೇಪದ ಉಕ್ಕಿನಲ್ಲಿ ಸೆಂಟು ಒತ್ತಿದರು, ತೂಕ 2.70 ಗ್ರಾಂ. ಬೆರಳೆಣಿಕೆಯಷ್ಟು ಮಾತ್ರ ಹಳೆಯ ಕಂಚಿನ ಬಿಲ್ಲೆಯ ಮೇಲೆ ಬಿದ್ದವು. ಅವು 3.11 ಗ್ರಾಂ ತೂಗಬೇಕು, ಅಯಸ್ಕಾಂತಕ್ಕೆ ಅಂಟಬಾರದು. ಉಕ್ಕಿನ ಸೆಂಟಿಗೆ ಆಮೇಲೆ ತಾಮ್ರ ಬಳಿದದ್ದಾದರೆ ಟಪ್ ಅಂತ ಅಂಟುತ್ತದೆ, ಕಥೆ ಅಲ್ಲಿಗೇ ಮುಗಿಯಿತು. ಅಂಟದಿದ್ದರೂ ನಿಲ್ಲಬೇಡಿ. 1948ರ ಸೆಂಟಿನ 8ರ ಎಡಭಾಗವನ್ನು ಕೆರೆದು 3 ಮಾಡಿದವೂ ಓಡಾಡುತ್ತವೆ. ಕೊನೆಯ ಅಂಕಿಯನ್ನು ಲೂಪಿನಲ್ಲಿ ನೋಡಿ.

ತೂಕ ಮತ್ತು ಅಡ್ಡಳತೆಯನ್ನು ಸೇರಿಸಿ ಓದಬೇಕು. ತೂಕ ಕಡಿಮೆ, ಅಡ್ಡಳತೆ ಸರಿ, ಎರಡೂ ಮುಖದ ಚಿತ್ರ ಮಸುಕು: ತೆಳುವಾದ ಬಿಲ್ಲೆಯ ಮೇಲೆ ಒತ್ತಿದ್ದಿರಬಹುದು, ಕಾಲರ್ ಅದಕ್ಕೆ ಪೂರ್ತಿ ಅಗಲ ಕೊಟ್ಟಿದೆ. ತೂಕವೂ ಕಡಿಮೆ, ಅಗಲವೂ ಕಡಿಮೆ, ರಿಮ್ ಸವೆದು ಚೂಪಾಗಿದೆ, ಅಕ್ಷರಗಳು ಬಾಯಲ್ಲಿಟ್ಟ ಪೆಪ್ಪರ್‌ಮಿಂಟಿನ ಹಾಗೆ ಕರಗಿವೆ: ಆಮ್ಲದಲ್ಲಿ ಬಿದ್ದದ್ದು. ಆಮ್ಲ ಮುಖವನ್ನೂ ತಿನ್ನುತ್ತದೆ, ಅಂಚನ್ನೂ ತಿನ್ನುತ್ತದೆ. ಈ ಒಂದು ಜೋಡಿ ಅಳತೆಯಿಂದ 'ತೆಳು ನಾಣ್ಯ'ದ ಹೆಚ್ಚಿನ ಪ್ರಶ್ನೆಗಳು ಬಗೆಹರಿಯುತ್ತವೆ.

3. ಗುರುತು ಉಬ್ಬೋ, ತಗ್ಗೋ?

ದೀಪವನ್ನು ಪಕ್ಕದಿಂದ, ಮೇಜಿಗೆ ಹತ್ತಿರವಾಗಿ ಹಿಡಿಯಿರಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ನೆರಳು ಯಾವ ಕಡೆ ಬೀಳುತ್ತದೆ ನೋಡಿ. ಉಬ್ಬನ್ನು ತಗ್ಗು ಅಂತಲೂ, ತಗ್ಗನ್ನು ಉಬ್ಬು ಅಂತಲೂ ಕಣ್ಣು ಮೋಸ ಹೋಗುವುದುಂಟು, ಫೋಟೊದಲ್ಲಂತೂ ಜಾಸ್ತಿ. ಅನುಮಾನ ಬಂದರೆ ಪಕ್ಕದ ಒಂದು ಅಕ್ಷರದ ನೆರಳಿನ ಜೊತೆ ಹೋಲಿಸಿ. ಅಕ್ಷರ ಉಬ್ಬು ಅಂತ ನಿಮಗೆ ಗೊತ್ತೇ ಇದೆಯಲ್ಲ.

ಉಬ್ಬಿದ್ದರೆ ಒಳ್ಳೆಯ ಸೂಚನೆ. ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿನೊಳಗೆ ನುಗ್ಗಿ, ನಾಣ್ಯದ ಮೇಲೆ ಸಣ್ಣ ಏರುಗೆರೆ ಮೂಡುತ್ತದೆ. ಅಚ್ಚಿನ ಅಂಚೇ ಒಡೆದುಹೋದರೆ ರಿಮ್ಮಿಗೆ ಅಂಟಿಕೊಂಡ ಹಾಗೆ ಏನೂ ಬರೆಯದ ಲೋಹದ ಗಡ್ಡೆ ಬರುತ್ತದೆ. ಇದನ್ನು ಸಂಗ್ರಾಹಕರು 'ಕಡ್' ಅನ್ನುತ್ತಾರೆ. ನಾಣ್ಯ ತಿರುಗಿಸಿ ಗಡ್ಡೆಯ ನೇರ ಹಿಂದೆ ನೋಡಿ. ಅಲ್ಲಿ ಚಿತ್ರ ಸಾಮಾನ್ಯವಾಗಿ ಮಂಕಾಗಿರುತ್ತದೆ. ಈ ಕಡೆ ಅಚ್ಚು ಇಲ್ಲದ ಜಾಗಕ್ಕೆ ಲೋಹ ಸರಿದುಬಿಟ್ಟಿದ್ದರಿಂದ ಆ ಕಡೆ ಒತ್ತಡ ಸಾಕಾಗಿರುವುದಿಲ್ಲ. ಬೆಸುಗೆ ಹಾಕಿ ಗಡ್ಡೆ ಕೂರಿಸಿದವರಿಗೆ ಹಿಂಬದಿಯನ್ನು ಹೀಗೆ ಮಾಡಲು ಬರುವುದಿಲ್ಲ.

ತಗ್ಗಿದ್ದರೆ ಅನುಮಾನ ಇರಲಿ. ಲೋಹ ಮಾಯವಾಗುವುದಿಲ್ಲ, ಎಲ್ಲಿಗೋ ಹೋಗಿರಲೇಬೇಕು. ಗೀರು ಬಿದ್ದ ಜಾಗವನ್ನು ಲೂಪಿನಲ್ಲಿ ನೋಡಿ. ನೇಗಿಲು ಹೊಡೆದ ಸಾಲಿನ ಎರಡೂ ಬದಿ ಮಣ್ಣು ಏಳುತ್ತದಲ್ಲ, ಹಾಗೆ ಗೀರಿನ ಎರಡೂ ಬದಿ ಲೋಹದ ಸಣ್ಣ ಏರಿ ಎದ್ದಿರುತ್ತದೆ. ಒಳಗಿನ ತಳ ಹೊಳೆಯುತ್ತದೆ, ಇಲ್ಲವೇ ಸುತ್ತಲಿನ ಬಣ್ಣಕ್ಕೆ ಹೊಂದುವುದಿಲ್ಲ. ಇನ್ನೊಂದು ಗುರುತೂ ಇದೆ. ಗೀರು ಎತ್ತರದ ಜಾಗಕ್ಕೆ ಮೊದಲು ತಾಗುತ್ತದೆ. ಅದು ಒಂದು ಅಕ್ಷರದ ನೆತ್ತಿಯಿಂದ ಇನ್ನೊಂದರ ನೆತ್ತಿಗೆ ಹಾರಿ, ನಡುವಿನ ಬಯಲನ್ನು ಬಿಟ್ಟಿದ್ದರೆ, ನಾಣ್ಯ ಒತ್ತಿದ ಮೇಲೆ ಬಿದ್ದ ಗೀರು ಅಂತಲೇ ಲೆಕ್ಕ.

ಆದರೆ ತಗ್ಗೆಲ್ಲ ಹಾನಿಯಲ್ಲ. ಒತ್ತುವ ಹೊತ್ತಿಗೆ ಬಿಲ್ಲೆಗೂ ಅಚ್ಚಿಗೂ ನಡುವೆ ದಾರ, ಬಟ್ಟೆಯ ಚೂರು, ಲೋಹದ ಚಕ್ಕೆ ಸಿಕ್ಕಿಕೊಂಡರೆ ಅದರ ಆಕಾರದ ತಗ್ಗು ನಾಣ್ಯದಲ್ಲಿ ಉಳಿಯುತ್ತದೆ. ದಾರದ ಗುರುತನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಉದ್ದಕ್ಕೂ ಒಂದೇ ದಪ್ಪ, ಹುಳು ಹರಿದ ಹಾಗೆ ಸುತ್ತಾಟ, ಬದಿಯಲ್ಲಿ ಎದ್ದ ಏರಿ ಇಲ್ಲ, ತಳದ ಬಣ್ಣವೂ ಹೊಳಪೂ ಸುತ್ತಲಿನ ಹಾಗೇ. ಅಚ್ಚಿನ ತಗ್ಗಿನಲ್ಲಿ ಗ್ರೀಸು, ಧೂಳು ಸೇರಿ ಗಟ್ಟಿಯಾದರೂ ಹೀಗೇ ಆಗುತ್ತದೆ. ಲೋಹ ಒಳಗೆ ಹೋಗಲು ಜಾಗವಿಲ್ಲದೆ ಅಕ್ಷರ ಮಸುಕಾಗುತ್ತದೆ, ಕೆಲವೊಮ್ಮೆ ಪೂರ್ತಿ ಕಾಣೆಯಾಗುತ್ತದೆ. ಅಕ್ಷರ ಇಲ್ಲದ ಜಾಗದ ಬಯಲು ನುಣುಪಾಗಿ, ಸುತ್ತಲಿನ ಹಾಗೇ ಇದೆಯೇ? ಹಾಗಿದ್ದರೆ ಗ್ರೀಸು. ಒಂದೇ ದಿಕ್ಕಿನ ಸಣ್ಣ ಸಣ್ಣ ಉಜ್ಜುಗೆರೆ ಇವೆಯೇ? ಹಾಗಿದ್ದರೆ ಯಾರೋ ಅರ ಹಾಕಿದ್ದಾರೆ.

ಚಿತ್ರದ ಭಾಗ ಕಾಣೆಯಾದ ನಾಣ್ಯಕ್ಕೆ ಹಣ ಕೊಡುವ ಮುಂಚೆ ಒಂದು ಉದಾಹರಣೆ ತಿಳಿದಿರಲಿ. 1937ರಲ್ಲಿ ಅಮೆರಿಕದ ಡೆನ್ವರ್ ಟಂಕಸಾಲೆಯಲ್ಲಿ ಒಂದು ಅಚ್ಚನ್ನು ಅತಿಯಾಗಿ ಉಜ್ಜಿದ್ದರಿಂದ ಐದು ಸೆಂಟಿನ ನಾಣ್ಯದ ಕಾಡೆಮ್ಮೆಗೆ ಮುಂಗಾಲೊಂದು ಇಲ್ಲದಂತಾಯಿತು. ಅದು ಬೆಲೆಬಾಳುವ ನಾಣ್ಯ. ಮಾಮೂಲಿ ನಾಣ್ಯದಿಂದ ಕಾಲು ಕೆರೆದು ತೆಗೆದು ಮಾರುವವರು ಹುಟ್ಟಿಕೊಂಡರು. ನಿಜವಾದದ್ದರಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದವರೆಗೆ ಸಣ್ಣ ಉಬ್ಬುಚುಕ್ಕಿಗಳ ಸಾಲು ಇರುತ್ತದೆ. ಕೆರೆದದ್ದರಲ್ಲಿ ಕಾಲಿನ ಜಾಗ ಸುತ್ತಲಿಗಿಂತ ತಗ್ಗಾಗಿ, ಗೀರುಗೀರಾಗಿ ಇರುತ್ತದೆ.

4. ಬಣ್ಣಕ್ಕೆ ಮರುಳಾಗಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ. ಇಟ್ಟಿಗೆಯ ಹಾಗೆ ಕೆಂಪಾಗಿದ್ದ ಅಮೆರಿಕದ ಒಂದು ಐದು ಸೆಂಟಿನ ನಾಣ್ಯವನ್ನು ತಾಮ್ರದ ಬಿಲ್ಲೆಯ ಮೇಲೆ ಒತ್ತಿದ್ದು ಅಂತ ನಂಬಿ ಬಹಳ ದಿನ ಜೋಪಾನ ಮಾಡಿದ್ದೆ. ತೂಗಿದಾಗ ಅದು ತೂಗಬೇಕಾದಷ್ಟೇ, ಸರಿಯಾಗಿ 5 ಗ್ರಾಂ ಬಂತು. ಅಂದರೆ ಬಿಲ್ಲೆ ಅದರದ್ದೇ.

ಆದದ್ದೇನು ಅಂದರೆ, ಬೆಳ್ಳಗೆ ಕಾಣುವ ಆ ನಾಣ್ಯದಲ್ಲಿ ನಿಜಕ್ಕೂ 75 ಪಾಲು ತಾಮ್ರವೇ ಇದೆ, ನಿಕಲ್ ಬರೀ 25 ಪಾಲು. ಮಣ್ಣಿನೊಳಗೆ ವರ್ಷಗಟ್ಟಲೆ ಹೂತಿದ್ದರೆ ಮೇಲ್ಮೈಯ ನಿಕಲ್ ಕರಗಿ ಹೋಗಿ ತಾಮ್ರ ಎದ್ದು ಕಾಣುತ್ತದೆ. ಇಂಥ ನಾಣ್ಯದ ಮೈಯನ್ನು ಲೂಪಿನಲ್ಲಿ ನೋಡಿ: ಮಂಕು, ಸಣ್ಣ ಸಣ್ಣ ಗುಳಿ, ಅಕ್ಷರದ ಸಂದಿಯಲ್ಲಿ ಬಣ್ಣ ಒಂದು ತರಹ, ನೆತ್ತಿಯ ಮೇಲೆ ಇನ್ನೊಂದು ತರಹ.

ಪದರದ ನಾಣ್ಯಗಳಲ್ಲಿ ಮಾತ್ರ ಒಂದು ನಿಜವಾದ ತಪ್ಪು ಇದನ್ನೇ ಹೋಲುತ್ತದೆ. ಅಮೆರಿಕದ ಇಂದಿನ ಕ್ವಾರ್ಟರಿನಲ್ಲಿ ನಡುವೆ ತಾಮ್ರ, ಮೇಲೆ ಕೆಳಗೆ ತಾಮ್ರ-ನಿಕಲ್ ಪದರ. ಒತ್ತುವ ಮುಂಚೆಯೇ ಒಂದು ಪದರ ಕಳಚಿದ್ದರೆ ಆ ಮುಖ ಪೂರ್ತಿ ತಾಮ್ರದ ಬಣ್ಣಕ್ಕೆ ಇರುತ್ತದೆ. ಬಣ್ಣ ಬಿಟ್ಟು ಅಂಚು ನೋಡಿ. ಸರಿಯಾದ ನಾಣ್ಯದ ಅಂಚಿನಲ್ಲಿ ಬಿಳಿ, ಕೆಂಪು, ಬಿಳಿ ಅಂತ ಮೂರು ಪಟ್ಟಿ. ಪದರ ಕಳಚಿದ್ದರಲ್ಲಿ ಬಿಳಿ, ಕೆಂಪು ಎರಡೇ. ತೂಕವೂ ಆರರಲ್ಲಿ ಒಂದು ಪಾಲಿನಷ್ಟು ಇಳಿದು 4.7 ಗ್ರಾಂ ಆಸುಪಾಸಿಗೆ ಬರುತ್ತದೆ. ಅಂಚಿನಲ್ಲಿ ಮೂರೂ ಪಟ್ಟಿ ಇದ್ದು ತೂಕ ಸರಿಯಿದ್ದರೆ ಅದು ಬರೀ ಕಲೆ.

ಬೆಳ್ಳಗಾದ ಅಥವಾ ಚಿನ್ನದ ಬಣ್ಣಕ್ಕೆ ತಿರುಗಿದ ಸೆಂಟುಗಳನ್ನೂ ತೋರಿಸುತ್ತಾರೆ. ತಾಮ್ರದ ನಾಣ್ಯಕ್ಕೆ ಸತು ಹತ್ತಿಸಿ ಬೆಳ್ಳಗೆ ಮಾಡುವುದು, ಅದನ್ನೇ ಕಾಯಿಸಿ ಹಿತ್ತಾಳೆ ಬಣ್ಣಕ್ಕೆ ತರುವುದು ಶಾಲೆಯ ರಸಾಯನಶಾಸ್ತ್ರದ ಹಳೆಯ ಪ್ರಯೋಗ. ಹಾಗೆ ಮಾಡಿದ ನಾಣ್ಯಗಳು ಚಲಾವಣೆಗೆ ಬಂದು ಸೇರುತ್ತವೆ. ಪಾದರಸ ಸವರಿ ಬೆಳ್ಳಗೆ ಮಾಡಿದವೂ ಇವೆ. ಪಾದರಸ ವಿಷ, ಅನುಮಾನ ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ. ಇನ್ನು ಕಾಮನಬಿಲ್ಲಿನ ಬಣ್ಣ ಬಂದಿದ್ದರೆ ಅದು ಹೆಚ್ಚಾಗಿ ಗಂಧಕದ ಕೆಲಸ. ಕಾಗದದಲ್ಲಿ, ಗಾಳಿಯಲ್ಲಿ ಇರುವ ಗಂಧಕ ಲೋಹದ ಮೇಲೆ ತೆಳು ಪೊರೆ ಕಟ್ಟುತ್ತದೆ. ನೋಡಲು ಚಂದ, ತಪ್ಪಲ್ಲ.

ಹಸಿರು ಕಿಲುಬು ಎಲ್ಲರಿಗೂ ಗೊತ್ತು. ಆದರೆ ಅಂಟಂಟಾದ, ಮೇಣದಂಥ ಹಸಿರು ಲೋಳೆ ಕಂಡರೆ ಅದು ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಬಂದದ್ದು. ಮೆತ್ತನೆಯ ಪಿವಿಸಿ ಹಳತಾದಂತೆ ಆಮ್ಲ ಬಿಡುತ್ತದೆ, ಅದು ನಾಣ್ಯವನ್ನು ತಿನ್ನುತ್ತದೆ. ಶುದ್ಧ ಅಸಿಟೋನಿನಲ್ಲಿ ಅದ್ದಿದರೆ ಲೋಳೆ ಬಿಡುತ್ತದೆ. ಗಾಜಿನ ಬಟ್ಟಲು, ಕಿಟಕಿ ತೆರೆದ ಕೋಣೆ, ಹತ್ತಿರದಲ್ಲಿ ಬೆಂಕಿ ಇರಬಾರದು. ಉಗುರು ಬಣ್ಣ ತೆಗೆಯುವ ದ್ರಾವಣ ಬಳಸಬೇಡಿ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ.

5. ಗುಳ್ಳೆಗಳು

ಲೇಪದ ನಾಣ್ಯಗಳ ಮೇಲೆ ಬೊಬ್ಬೆ ಬಂದ ಹಾಗೆ ಗುಳ್ಳೆ ಇರುತ್ತದೆ. ತಾಮ್ರ ಲೇಪದ ಸತುವಿನ ಸೆಂಟಿನಲ್ಲಿ ಇದು ತೀರಾ ಸಾಮಾನ್ಯ. ಲೇಪ ಸರಿಯಾಗಿ ಹಿಡಿಯದೆ ಒಳಗೆ ಅನಿಲ ಸಿಕ್ಕಿಕೊಂಡು ಎದ್ದ ಗುಳ್ಳೆ ಟಂಕಸಾಲೆಯದ್ದೇ ನಿಜ, ಆದರೆ ಅಂಥವು ಅಷ್ಟೊಂದು ಇರುವುದರಿಂದ ಬೆಲೆ ಇಲ್ಲ. ಅವು ಚಿಕ್ಕವು, ದುಂಡಗೆ, ಮೇಲಿನ ತಾಮ್ರ ಒಡೆದಿರುವುದಿಲ್ಲ.

ಗುಳ್ಳೆ ಒಡೆದು ಒಳಗೆ ಬೂದು ಅಥವಾ ಬಿಳಿ ಪುಡಿ ಕಂಡರೆ ಸತು ಕೊಳೆಯಲು ಶುರುವಾಗಿದೆ. ಲೇಪದಲ್ಲಿ ಒಂದು ಸಣ್ಣ ಗೀರು ಸಾಕು. ತೇವ ಒಳಗೆ ಇಳಿದರೆ ತಾಮ್ರ ಉಳಿದು ಸತುವೇ ಮೊದಲು ಸವೆಯುತ್ತದೆ. ಉಕ್ಕಿನ ನಾಣ್ಯದಲ್ಲಿ ಇದೇ ಕೆಲಸವನ್ನು ತುಕ್ಕು ಮಾಡುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು, ಹಾಗಾಗಿ ಲೇಪವನ್ನು ಕೆಳಗಿನಿಂದ ಎತ್ತುತ್ತದೆ. ಇನ್ನು ಮುಖವೆಲ್ಲ ಅಲೆಅಲೆಯಾಗಿ, ಅಕ್ಷರಗಳು ಊದಿಕೊಂಡು, ಕಪ್ಪು-ನೇರಳೆ ಬಣ್ಣ ಬಂದಿದ್ದರೆ ಬೆಂಕಿ ತಗುಲಿದೆ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ, ತಾಮ್ರಕ್ಕೆ 1085 ಡಿಗ್ರಿ ಬೇಕು. ಒಳಗಿನದು ಕರಗಿ ಮೇಲಿನ ಚಿಪ್ಪು ಉಳಿದರೆ ವಿಚಿತ್ರ ಆಕಾರಗಳು ಬರುತ್ತವೆ. ಟಂಕಸಾಲೆಯಲ್ಲಿ ಒತ್ತಿದ ಮೇಲೆ ನಾಣ್ಯ ಕಾಯಿಸುವ ಹಂತವೇ ಇಲ್ಲ ಅನ್ನುವುದನ್ನು ನೆನಪಿಡಿ.

6. ಜೋಡಿ ಅಕ್ಷರ

ಇದಕ್ಕೆ ಸಮಯ ಕೊಡಿ, ಅವಸರ ಬೇಡ.

ಅಚ್ಚನ್ನು ತಯಾರಿಸುವುದು ಹಬ್ ಅನ್ನುವ ಮೂಲ ಅಚ್ಚಿನಿಂದ. ಹಿಂದೆ ಒಂದು ಅಚ್ಚಿಗೆ ಹಬ್ಬನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೇ ಸಲ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲೇ ಅಕ್ಷರ ಎರಡಾಗುತ್ತದೆ. ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜೋಡಿ ಇರುತ್ತದೆ. ಇದೇ ಡಬಲ್ಡ್ ಡೈ. 1955ರ ಅಮೆರಿಕದ ಸೆಂಟು ಇದಕ್ಕೆ ಹೆಸರಾದದ್ದು. ಅದರ ಇಸವಿ ಮತ್ತು ಅಕ್ಷರಗಳು ಬರಿಗಣ್ಣಿಗೇ ಎರಡಾಗಿ ಕಾಣುತ್ತವೆ.

ಲೂಪಿನಲ್ಲಿ ಒಂದು ಅಕ್ಷರದ ಮೂಲೆ ನೋಡಿ. ನಿಜವಾದ ಜೋಡಿಯಲ್ಲಿ ಎರಡನೆಯ ಗೆರೆಗೂ ಮೊದಲಿನದರ ಹಾಗೇ ದುಂಡನೆಯ ಮೈ ಇರುತ್ತದೆ, ಮೂಲೆಯಲ್ಲಿ ಸೀಳಿದಂಥ ಕಚ್ಚು ಕಾಣುತ್ತದೆ. ಅಕ್ಷರ ಒಟ್ಟಿನಲ್ಲಿ ದಪ್ಪವಾಗಿರುತ್ತದೆ. ಇದಕ್ಕೆ ವಿರುದ್ಧವಾದದ್ದು ಯಂತ್ರದ ಅದುರಾಟ. ಅಚ್ಚು ಸಡಿಲವಾಗಿದ್ದರೆ ಒತ್ತಿದ ಮರುಕ್ಷಣ ಕದಲಿ, ಆಗಷ್ಟೇ ಎದ್ದ ಅಕ್ಷರದ ಬದಿಯನ್ನು ತಳ್ಳಿ ಚಪ್ಪಟೆ ಮಾಡುತ್ತದೆ. ಆಗ ಬದಿಯಲ್ಲಿ ಮೆಟ್ಟಿಲಿನಂಥ ಚಪ್ಪಟೆ ತಟ್ಟು ಮೂಡುತ್ತದೆ, ಹೊಳೆಯುತ್ತದೆ, ಅಕ್ಷರ ಮಾತ್ರ ಸಣ್ಣಗಾಗಿರುತ್ತದೆ. ಇದು ಟಂಕಸಾಲೆಯೊಳಗೇ ಆದದ್ದು, ಆದರೂ ಸಂಗ್ರಾಹಕರು ಬೆಲೆ ಕೊಡುವುದಿಲ್ಲ. ದಪ್ಪವಾದರೆ ಜೋಡಿ, ಸಣ್ಣಗಾದರೆ ಅದುರಾಟ. ಸರಿಯಾದ ನಾಣ್ಯ ಪಕ್ಕದಲ್ಲಿಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಮೂರನೆಯದು ಸವೆದ ಅಚ್ಚು. ಲಕ್ಷಗಟ್ಟಲೆ ನಾಣ್ಯ ಒತ್ತಿದ ಅಚ್ಚಿನ ಅಕ್ಷರದ ಬದಿ ಕರಗಿ, ನೆರಳು ಬಿದ್ದ ಹಾಗೆ ಮಸುಕು ಗೆರೆ ಬರುತ್ತದೆ. 1955ರ ಇಸವಿಯ ಕೊನೆಯ 5 ಮಾತ್ರ ಸ್ವಲ್ಪ ಎರಡಾಗಿ ಕಾಣುವ ಸೆಂಟುಗಳು ಬೇಕಾದಷ್ಟಿವೆ. ಅವು ಬರೀ ಸವೆತದವು, ಬೆಲೆಯುಳ್ಳದ್ದರ ಜೊತೆ ಬೆರೆಸಬೇಡಿ. ಸತುವಿನ ಸೆಂಟುಗಳಲ್ಲಿ ಅಕ್ಷರದ ಬುಡದಲ್ಲಿ ತಾಮ್ರದ ಲೇಪ ಸೀಳಿ ಬೆಳ್ಳನೆಯ ಗೆರೆ ಕಾಣುತ್ತದೆ, ಅದೂ ಜೋಡಿಯಲ್ಲ.

7. ಅಂಚನ್ನು ಸುತ್ತ ನೋಡಿ

ಅಂಚು ಕಚ್ಚಿದ ಹಾಗಿದ್ದರೆ ಎರಡು ಸಾಧ್ಯತೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆಗೆ ಕಮಾನಿನಂಥ ಕೊರತೆ ಬರುತ್ತದೆ. ಇಲ್ಲವೇ ಯಾರೋ ಆಮೇಲೆ ಕತ್ತರಿಸಿದ್ದಾರೆ. ಬೇರೆ ಮಾಡಿ ಹೇಳುವ ಉಪಾಯ ಸುಂದರವಾಗಿದೆ. ಕಚ್ಚಿದ ಜಾಗದ ನೇರ ಎದುರಿನ ರಿಮ್ ನೋಡಿ. ರಿಮ್ ಎತ್ತರಿಸುವ ಯಂತ್ರ ಬಿಲ್ಲೆಯನ್ನು ಎರಡು ಬದಿಯಿಂದ ಹಿಡಿದು ಒತ್ತುತ್ತದೆ. ಒಂದು ಬದಿಯಲ್ಲಿ ಲೋಹವೇ ಇಲ್ಲದಿದ್ದರೆ ಎದುರು ಬದಿಗೆ ಒತ್ತಡ ಸಿಗುವುದಿಲ್ಲ, ಅಲ್ಲಿ ರಿಮ್ ಮಂಕಾಗಿ ಮಲಗಿರುತ್ತದೆ. ಪ್ರತಿಯೊಂದರಲ್ಲೂ ಎದ್ದು ಕಾಣಲೇಬೇಕೆಂದಿಲ್ಲ, ಆದರೆ ಕಂಡರೆ ಬಲವಾದ ಸಾಕ್ಷಿ. ಕಚ್ಚಿದ ಜಾಗದ ಹತ್ತಿರದ ಅಕ್ಷರಗಳೂ ಆ ಕಡೆಗೆ ಎಳೆದ ಹಾಗೆ ಹಿಗ್ಗಿರುತ್ತವೆ. ಅಕ್ಷರ ಚಾಕುವಿನಲ್ಲಿ ಕೊಯ್ದ ಹಾಗೆ ತಟ್ಟನೆ ನಿಂತು, ಎದುರಿನ ರಿಮ್ ಗಟ್ಟಿಯಾಗಿದ್ದರೆ ಆಮೇಲಿನ ಕತ್ತರಿ.

ನಾಣ್ಯ ಮಾಮೂಲಿಗಿಂತ ಅಗಲವಾಗಿ, ಅಂಚು ನುಣುಪಾಗಿ ಇದ್ದರೆ ಕಾಲರ್ ಇಲ್ಲದೆ ಒತ್ತಿದ್ದಿರಬಹುದು. ಚಿಕ್ಕದಾಗಿ, ರಿಮ್ ದಪ್ಪಗೆ ಉರುಳಿಕೊಂಡು ಒಳಗಿನ ಅಕ್ಷರಗಳನ್ನು ಮುಟ್ಟುತ್ತಿದ್ದರೆ? ಚಿಕ್ಕ ಬಿಲ್ಲೆ ಅಂತ ಸುಮ್ನೆ ಖುಷಿಪಡಬೇಡಿ. ಬಟ್ಟೆ ಒಣಗಿಸುವ ದೊಡ್ಡ ಯಂತ್ರದ ಸಂದಿಯಲ್ಲಿ ಸಿಕ್ಕಿಕೊಂಡು, ತಿಂಗಳುಗಟ್ಟಲೆ ಉರುಳಿ ಉರುಳಿ ಅಂಚಿಗೆ ಪೆಟ್ಟು ತಿಂದ ನಾಣ್ಯಗಳು ಹೀಗೇ ಆಗುತ್ತವೆ. ತೂಕ ಹೆಚ್ಚುಕಡಿಮೆ ಸರಿಯಿರುತ್ತದೆ, ಅಂಚಿನ ಗೆರೆಗಳು ಅಳಿಸಿರುತ್ತವೆ.

ಮೇಲಿನಿಂದ ಕೆಳಕ್ಕೆ ತಿರುಗಿಸಿದರೆ ಹಿಂದಿನ ಚಿತ್ರ ತಲೆಕೆಳಗಾಗಿ ಕಾಣುತ್ತದೆ ಅಂತ ಬರೆಯುವವರಿಗೆ ಒಂದು ಮಾತು. ಬ್ರಿಟನ್ನಿನ ನಾಣ್ಯ, ಯೂರೋ ನಾಣ್ಯಗಳಲ್ಲಿ ಎರಡೂ ಮುಖದ ತಲೆ ಒಂದೇ ಕಡೆ. ಅಮೆರಿಕದವುಗಳಲ್ಲಿ ಒಂದರ ತಲೆ ಇನ್ನೊಂದರ ಕಾಲ ಕಡೆ. ನಿಮ್ಮ ನಾಣ್ಯಕ್ಕೆ ಯಾವುದು ಸರಿ ಅಂತ ಮೊದಲು ನೋಡಿ.

8. ಬೇಕಂತಲೇ ಮಾಡಿದ ಮೋಸ

ಎರಡು ನಾಣ್ಯವನ್ನು ಒಂದರ ಮೇಲೊಂದಿಟ್ಟು ವೈಸ್ ಅನ್ನುವ ಬಿಗಿಹಿಡಿಯುವ ಸಾಧನದಲ್ಲಿ ಬಿಗಿದರೆ, ಇಲ್ಲವೇ ಸುತ್ತಿಗೆಯಲ್ಲಿ ಬಡಿದರೆ ಒಂದರ ಗುರುತು ಇನ್ನೊಂದಕ್ಕೆ ಬೀಳುತ್ತದೆ. ಆ ಅಕ್ಷರಗಳು ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಇರುತ್ತವೆ. ನಾಣ್ಯದ ಸ್ವಂತ ಚಿತ್ರವೂ ಅಲ್ಲೇ ಚಪ್ಪಟೆಯಾಗಿ ಉಳಿದಿರುತ್ತದೆ. ಟಂಕಸಾಲೆಯಲ್ಲಿ ಎರಡು ಸಲ ಒತ್ತಿದ್ದಾದರೆ ಎರಡನೆಯ ಚಿತ್ರವೂ ಉಬ್ಬಾಗಿ, ನೇರವಾಗಿಯೇ ಬರುತ್ತದೆ. ತಿರುಗುಮುರುಗು ತಗ್ಗು ಅಕ್ಷರ ನಿಜವಾಗಿ ಬರುವುದು ಒಂದೇ ಸಂದರ್ಭದಲ್ಲಿ: ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡು ಮುಂದಿನ ಬಿಲ್ಲೆಯ ಮೇಲೆ ಅದೇ ಅಚ್ಚಿನಂತೆ ಒತ್ತಿದಾಗ. ಇದಕ್ಕೆ ಬ್ರೋಕೇಜ್ ಅನ್ನುತ್ತಾರೆ. ಪೂರ್ತಿ ಬ್ರೋಕೇಜಿನಲ್ಲಿ ಆ ಮುಖದಲ್ಲಿ ಮಾಮೂಲಿ ಚಿತ್ರ ಇರುವುದೇ ಇಲ್ಲ.

ಎರಡೂ ಕಡೆ ತಲೆ ಇರುವ ನಾಣ್ಯ ಹೆಚ್ಚುಕಡಿಮೆ ಯಾವಾಗಲೂ ಜಾದೂಗಾರರ ಸಾಮಾನು. ಒಂದನ್ನು ಬಟ್ಟಲಿನ ಹಾಗೆ ಕೊರೆದು ಇನ್ನೊಂದನ್ನು ಅದರೊಳಗೆ ಕೂರಿಸಿರುತ್ತಾರೆ. ರಿಮ್ಮಿನ ಒಳಬದಿಯಲ್ಲಿ ಸುತ್ತಲೂ ಕೂದಲಿನಂಥ ಕೂಡುಗೆರೆ ಹುಡುಕಿ. ಮೇಜಿನ ಮೇಲೆ ಬೀಳಿಸಿದರೆ ಶಬ್ದವೂ ಮೊಂಡಾಗಿರುತ್ತದೆ.

ಹೊರಗಿನ ಬಳೆ ಒಂದು ಲೋಹ, ನಡುವಿನ ಬಿಲ್ಲೆ ಇನ್ನೊಂದು ಲೋಹ ಆಗಿರುವ ನಾಣ್ಯದಲ್ಲಿ ಆ ಬಿಲ್ಲೆಯನ್ನು ತಳ್ಳಿ ತೆಗೆದು, ತಿರುಗಿಸಿ ಕೂರಿಸಿದವೂ ಬರುತ್ತವೆ. ಟಂಕಸಾಲೆಯಲ್ಲಿ ಬಳೆ ಮತ್ತು ನಡುವಿನ ಬಿಲ್ಲೆ ಸೇರಿದ ಮೇಲೆ ಎರಡರ ಮೇಲೂ ಒಟ್ಟಿಗೇ ಅಚ್ಚು ಬೀಳುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟುವ ಗೆರೆ ಕೂಡುವಲ್ಲಿ ತುಂಡಾಗಬಾರದು.

ಇಸವಿ ಇಲ್ಲದ ನಾಣ್ಯಕ್ಕೂ ಇದೇ ಬಗೆಯ ವಿಚಾರಣೆ ಬೇಕು. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ವಿನ್ಯಾಸ ಬದಲಾದಾಗ ಇಸವಿಯನ್ನು ಹಿಂಬದಿಯಿಂದ ರಾಣಿಯ ಮುಖದ ಕಡೆಗೆ ಸರಿಸಿದರು. ಹಳೆಯ ಮುಖದ ಅಚ್ಚೂ ಹೊಸ ಹಿಂಬದಿಯ ಅಚ್ಚೂ ಜೊತೆಯಾಗಿಬಿಟ್ಟು, ಎಲ್ಲೂ ಇಸವಿಯೇ ಇಲ್ಲದ ನಾಣ್ಯಗಳು ಹೊರಬಂದವು. ಅವುಗಳಲ್ಲಿ ಇಸವಿ ಅಳಿಸಿದ ಗುರುತು ಇಲ್ಲ, ಇಸವಿಗೆ ಜಾಗವೇ ಇಲ್ಲ. ನಿಮ್ಮದರಲ್ಲಿ ಇಸವಿಯ ಜಾಗ ಇದ್ದು ಅಲ್ಲಿ ನುಣುಪಾಗಿದ್ದರೆ ಅದು ಸವೆತ, ಇಲ್ಲವೇ ಅರ.

9. ಎಲ್ಲ ದಾಟಿ ಉಳಿದರೆ

ಪಕ್ಕದ ಬೆಳಕಿನಲ್ಲಿ ಎರಡೂ ಮುಖ ಮತ್ತು ಅಂಚಿನ ಫೋಟೊ ತೆಗೆಯಿರಿ. ತೂಕ, ಅಡ್ಡಳತೆ, ಅಯಸ್ಕಾಂತದ ಫಲ ಬರೆದಿಡಿ. ಅನುಭವಿ ಸಂಗ್ರಾಹಕರಿಗೆ ತೋರಿಸುವಾಗ 'ಇದು ಎರರ್' ಅಂತ ಶುರು ಮಾಡದೆ ಅಳತೆಗಳನ್ನು ಮುಂದಿಡಿ. ಬೆಲೆ ದೊಡ್ಡದು ಅನ್ನಿಸಿದರೆ ಪಿಸಿಜಿಎಸ್, ಎನ್‌ಜಿಸಿಯಂಥ ನಾಣ್ಯ ಪರೀಕ್ಷಾ ಸಂಸ್ಥೆಗಳಿಗೆ ಕಳಿಸಬಹುದು. ಅವರು ಶುಲ್ಕ ತೆಗೆದುಕೊಳ್ಳುತ್ತಾರೆ, ನಾಣ್ಯ ಹಾನಿಯಾದದ್ದು ಅಂತ ತೀರ್ಮಾನವಾದರೂ ಆ ಹಣ ವಾಪಸ್ ಬರುವುದಿಲ್ಲ ಅನ್ನುವ ಲೆಕ್ಕ ಹಾಕಿಯೇ ಕಳಿಸಿ.

ಹಾನಿಯಾದದ್ದು ಅಂತ ಗೊತ್ತಾದರೆ ಅದನ್ನು ಎರರ್ ಅಂತ ಇನ್ನೊಬ್ಬರಿಗೆ ಮಾರಬೇಡಿ. ನಾನು ಆ ಕೆಂಪು ಐದು ಸೆಂಟನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಮಾದರಿ ನನ್ನ ಹತ್ತಿರ ಇಲ್ಲ. ನೀವೂ ಅಂಥವನ್ನು ಒಂದು ಪೆಟ್ಟಿಗೆಯಲ್ಲಿ ಬೇರೆ ಇಡಿ, ಒಂದೊಂದರ ಮೇಲೂ ಏನಾಗಿದೆ ಅಂತ ಚೀಟಿ ಬರೆದು. ಒಳ್ಳೆಯ ನಾಣ್ಯಗಳಿಗೆ ಪಿವಿಸಿ ಇಲ್ಲದ ಕವರ್ ತೆಗೆದುಕೊಳ್ಳಿ, ಮೈಲಾರ್ ಅನ್ನುವ ಪ್ಲಾಸ್ಟಿಕ್ ಹಾಳೆಯದ್ದಾದರೆ ಆಯಿತು. ಕಿಲುಬು ಹಿಡಿದವನ್ನು ಅವುಗಳ ಜೊತೆ ಒಂದೇ ಡಬ್ಬಿಯಲ್ಲಿ ಇಡಬೇಡಿ.